ಹಳದಿಯಣ್ಣನ ಕಾಲುಳುಕಿಗೆ ಆಮೆನ್

ನೀವು ಯಾವತ್ತಾದರೂ ಎರಡೂ ಕಣ್ಣು ಮುಚ್ಚಿಕೊಂಡು, ಕೈ ಜೋಡಿಸಿಕೊಂಡು, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಜಗಳ ಆಡಿದ್ದೀರಾ? ಇಲ್ಲ ತಾನೇ? ಹಾಗಾದರೆ ನೀವು ಇನ್ನೂ ಜಗಳವನ್ನೇ ಆಡಿಲ್ಲ ಬಿಡಿ. ಕೊಳಾಯಿ ಹತ್ತಿರ ಕೊಡ ಇಟ್ಟುಕೊಂಡು ಆಡುವುದು, ಬಸ್ಸಿನಲ್ಲಿ ಚಿಲ್ಲರೆಗೆ ಆಡುವುದು, ಮದುವೆ ಮನೆಯಲ್ಲಿ ಹಪ್ಪಳ ಬರಲಿಲ್ಲ ಅಂತ ಆಡುವುದು, ಇವೆಲ್ಲ ಬರೀ ಗದ್ದಲ. ನಮ್ಮ ಮನೆಯಲ್ಲಿ ನಡೆಯುತ್ತಿದ್ದದ್ದು ಜಗಳ. ಅಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವ ಹಾಗಿಲ್ಲ. ದನಿ ಏರಿಸುವ ಹಾಗಿಲ್ಲ. ಕಣ್ಣು ಬಿಟ್ಟು ಗುರಾಯಿಸುವ ಹಾಗೂ ಇಲ್ಲ. ಎಲ್ಲಕ್ಕಿಂತ ದೊಡ್ಡ ಶಿಕ್ಷೆ ಅಂದರೆ, ಎದುರಾಳಿ ನಿಮ್ಮನ್ನು ಚೆನ್ನಾಗಿ ಚಚ್ಚಿ ಮುಗಿಸಿದ ಮೇಲೆ ನೀವು ಬಾಯಿ ತೆರೆದು, ಎಲ್ಲರಿಗೂ ಕೇಳುವ ಹಾಗೆ, "ಆಮೆನ್" ಅನ್ನಬೇಕು.

ಇದನ್ನೆಲ್ಲ ನಾನು ಫೋನಿನಲ್ಲಿ ಒತ್ತಿ ಒತ್ತಿ ಬರೆಯುತ್ತಿದ್ದೇನೆ. ಮೊಮ್ಮಗಳು ಮರ್ಸಿ ಹೋದ ತಿಂಗಳು ಕಲಿಸಿಕೊಟ್ಟಳು. ಅವಳು ಈಗ ಒಂದು ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಕಲಿಸುತ್ತಾಳೆ, ಕೊರಳಲ್ಲಿ ಸದಾ ಒಂದು ಸೀಟಿ. ನಾನು ತಪ್ಪು ಅಕ್ಷರ ಒತ್ತಿದಾಗಲೆಲ್ಲ ಅದನ್ನು ಊದಿ ಊದಿ ನನಗೂ ಕಲಿಸಿದಳು. ಐವತ್ತು ವರ್ಷ ಮಾವಿನಕಾಯಿ ಹೆಚ್ಚಿ ಗಟ್ಟಿಯಾದ ಹೆಬ್ಬೆರಳು ನನ್ನದು. ಒಂದು ಒತ್ತಿದರೆ ಮೂರು ಅಕ್ಷರ ಬೀಳುತ್ತವೆ, ಎರಡನ್ನು ಅಳಿಸಬೇಕು. ಒಂದು ಮಧ್ಯಾಹ್ನ ಬರೆದದ್ದಷ್ಟೂ ಮಾಯವಾಗಿ ಹೋಯಿತು. ಸರಿ, ಮತ್ತೆ ಬರೆದೆ. ಮೊನ್ನೆ ಒಂದು ಮದುವೆಯಲ್ಲಿ ಊಟಕ್ಕೆ ಕೂತಿದ್ದಾಗ ಪಕ್ಕದ ಸಾಲಿನಿಂದ ಒಬ್ಬಾಕೆ, "ಆ ಸುಗುಣಮ್ಮನ ಮನೇಲಿ ಟಿವಿ ಹಾಕ್ಕೊಂಡೇ ಪ್ರಾರ್ಥನೆ ಮಾಡ್ತಿದ್ರಂತೆ" ಅಂದದ್ದು ನನ್ನ ಕಿವಿಗೆ ಬಿತ್ತು. ಆ ಸುಗುಣಮ್ಮ ನಾನೇ. ಅದಕ್ಕೇ ಬರೆಯುತ್ತಿದ್ದೇನೆ. ಟಿವಿ ಆರಿಸಿರುತ್ತಿತ್ತು. ಎಂಟು ಗಂಟೆಗೆ ಸರಿಯಾಗಿ ನಾನೇ ಆರಿಸಿ, ಮೇಲೆ ನಾನೇ ಹೆಣೆದ ಬಿಳಿ ಕ್ರೋಶಾ ಬಟ್ಟೆ ಹೊದಿಸುತ್ತಿದ್ದೆ. ಮಿಕ್ಕದ್ದೆಲ್ಲ ನಿಜ. ಆದರೆ ಇದು ತಪ್ಪೊಪ್ಪಿಗೆ ಅಂತ ಯಾರೂ ತಿಳಿದುಕೊಳ್ಳಬೇಡಿ. ನನಗೆ ಆಗಲೂ ಪಶ್ಚಾತ್ತಾಪ ಇರಲಿಲ್ಲ, ಈಗಲೂ ಇಲ್ಲ.

ಆಗ ನಾವು ನುಂಗಂಬಾಕ್ಕಂನಲ್ಲಿ ಒಂದು ಹಳೇ ಮನೆಯ ಮಹಡಿಯಲ್ಲಿದ್ದೆವು. ಎರಡು ಸಾವಿರದ ಇಸವಿ ಆಗ ತಾನೇ ದಾಟಿತ್ತು. ಊರಿನ ಹೆಸರು ಚೆನ್ನೈ ಆಗಿ ವರ್ಷಗಳಾಗಿದ್ದರೂ ನಮ್ಮ ಯಜಮಾನರ ಬಾಯಲ್ಲಿ ಅದಿನ್ನೂ ಮದ್ರಾಸೇ. ನಾನು ತುಮಕೂರಿನ ಕಡೆಯವಳು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ನನ್ನ ಬದುಕೆಲ್ಲ ತಮಿಳಿನಲ್ಲಿ. ಕೋಯಂಬೇಡಿನಲ್ಲಿ ಹೀರೇಕಾಯಿ ಚೌಕಾಸಿ ತಮಿಳಿನಲ್ಲಿ, ಭಾನುವಾರದ ಆರಾಧನೆ ತಮಿಳಿನಲ್ಲಿ, ಅಳಿಯನ ಜೊತೆ ಮುನಿಸು ತಮಿಳಿನಲ್ಲಿ. ಮರ್ಸಿಗಂತೂ ನಾನು "ಊಟಕ್ಕೆ ಬಾರೇ" ಅಂದರೆ, "ಇದೋ ವರೇನ್ ಅಜ್ಜಿ" ಅಂತ ಉತ್ತರ. ತಮಿಳಿನ ಮೇಲೆ ನನಗೇನೂ ಕೋಪವಿಲ್ಲ, ಅದು ನನಗೆ ಅನ್ನ ಹಾಕಿದ ಭಾಷೆ. ಆದರೆ ದೇವರ ಹತ್ತಿರ ಸ್ವಲ್ಪ ಕೊಸರಾಡಬೇಕು, ಮುಖ ಊದಿಸಿಕೊಳ್ಳಬೇಕು, "ನೀನು ಮಾಡಿದ್ದು ಸರಿಯಾ ಹೇಳು" ಅಂತ ಕೇಳಬೇಕು ಅಂದರೆ ಅಮ್ಮನ ಭಾಷೆಯೇ ಬೇಕು. ಅದಕ್ಕೆ ಇದ್ದದ್ದು ಶನಿವಾರ. ಪ್ರತಿ ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ನಮ್ಮ ಮಹಡಿ ಮನೆಯಲ್ಲಿ ಕನ್ನಡ ಪ್ರಾರ್ಥನಾ ಕೂಟ. ಹನ್ನೊಂದು ಜನ, ಮೂರು ಚಾಪೆ, ಒಂದು ಹಾರ್ಮೋನಿಯಂ, ಕೊನೆಗೆ ನನ್ನ ಉಪ್ಪಿಟ್ಟು, ಕಾಫಿ. ಇಡೀ ವಾರ ನಾನು ಬದುಕುತ್ತಿದ್ದದ್ದೇ ಆ ಒಂದೂವರೆ ಗಂಟೆಗೋಸ್ಕರ.

ಈಗ ಜಗಳಕ್ಕೆ ಬರೋಣ. ನಮ್ಮ ಯಜಮಾನರು ರಾಜರತ್ನಂ, ಅವರ ಜೀವದ ಗೆಳೆಯ ದೇವಸಹಾಯಂ. ಇಬ್ಬರೂ ವಯಸ್ಸಿನಲ್ಲಿದ್ದಾಗ ಒಂದೇ ಆಫೀಸಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಆಡಿದವರು. ಆಡಿದವರು ಅನ್ನುವುದಕ್ಕಿಂತ ಬೆಂಚಿನ ಮೇಲೆ ಕೂತು ಟವೆಲ್ ಕಾದವರು ಅಂದರೆ ಸತ್ಯಕ್ಕೆ ಹತ್ತಿರ. ಮಂಡಿಗಳು ನಿವೃತ್ತಿಯಾದ ಮೇಲೆ ನಾಲಿಗೆಗಳು ಆಟಕ್ಕಿಳಿದವು. ಅಮೆರಿಕದಲ್ಲಿ ರಾತ್ರಿ ಆಡುವ ಆಟ ನಮಗೆ ಬೆಳಿಗ್ಗೆ ಹಾಲು ಕಾಯುವ ಹೊತ್ತಿಗೆ ಟಿವಿಯಲ್ಲಿ ಬರುತ್ತದೆ. ಶನಿವಾರ ಎಂಟು ಗಂಟೆಯ ಪ್ರಾರ್ಥನೆಗೆ ದೇವಸಹಾಯಂ ಆರೂವರೆಗೇ ಹಾಜರು. "ಚಾಪೆ ಹಾಸೋಕೆ ಕೈ ಕೊಡೋಣ ಅಂತ ಬಂದೆ ಅಣ್ಣೀ" ಅನ್ನುವರು. ಅವರದು ಮೂರು ತಲೆಮಾರಿನ ಮದ್ರಾಸು ಕನ್ನಡ, ಅತ್ತಿಗೆಗೆ ಅಣ್ಣಿ ಅನ್ನುವ ಕನ್ನಡ. ಮೂರು ಚಾಪೆ ಹಾಸುವುದಕ್ಕೆ ಒಂದೂವರೆ ಗಂಟೆ ಬೇಕೇ ಅಂತ ನಾನು ಯಾವತ್ತೂ ಕೇಳಲಿಲ್ಲ. ಕೇಳಿದ್ದರೆ ನಾನೂ ಆಟ ನೋಡುವುದು ತಪ್ಪುತ್ತಿತ್ತು.

ಇಬ್ಬರು ಆಟಗಾರರು. ಅವರ ಹೆಸರು ನಾನು ಬರೆಯುವುದಿಲ್ಲ. ಅದಕ್ಕೊಂದು ಕಾರಣ ಇದೆ, ತಾನಾಗಿ ಬರುತ್ತದೆ. ಕೆಂಪು ಬನಿಯನ್ನಿನವನನ್ನು ಕೆಂಪಣ್ಣ ಅನ್ನೋಣ, ಹಳದಿ ಬನಿಯನ್ನಿನವನನ್ನು ಹಳದಿಯಣ್ಣ. ಕೆಂಪಣ್ಣನ ಕಾಲ ಮುಗಿಯುತ್ತಾ ಬಂದಿತ್ತು, ಹಳದಿಯಣ್ಣ ಚಿಗುರುತ್ತಿದ್ದ. ನಮ್ಮ ಯಜಮಾನರಿಗೆ ಭೂಮಿಯ ಮೇಲೆ ಕೆಂಪಣ್ಣನಂಥವನು ಹುಟ್ಟಿಲ್ಲ, ಹುಟ್ಟುವುದೂ ಇಲ್ಲ. ದೇವಸಹಾಯಂಗೆ ಹಳದಿಯಣ್ಣನ ಮುಂದೆ ಕೆಂಪಣ್ಣ ಬರೀ ಮುನ್ನುಡಿ.

"ಲೋ ದೇವಸಹಾಯ, ಕೆಂಪಣ್ಣ ದಾವೀದ ಕಣೋ. ಒಂದೇ ಕಲ್ಲು, ಗೊಲ್ಯಾತ ಮಲಗಿದ."

"ಸುಮ್ಮಾ ಇರಪ್ಪಾ ನೀನು. ದಾವೀದನಿಗೆ ವಯಸ್ಸಾದ ಮೇಲೆ ಎಷ್ಟು ಕಂಬಳಿ ಹೊದಿಸಿದ್ರೂ ಚಳಿ ಬಿಡಲಿಲ್ಲ, ಮರೆತುಬಿಟ್ಯಾ? ನಮ್ಮ ಹುಡುಗ ಸಂಸೋನ. ಕಂಬಾನೇ ಕಿತ್ತು ಹಾಕ್ತಾನೆ."

"ಸಂಸೋನನಿಗೆ ಕೂದಲು ಕತ್ತರಿಸಿದ್ರೆ ಮುಗೀತು. ನಿಮ್ಮ ಹುಡುಗನಿಗೆ ಆಗಲೇ ಕ್ಷೌರ ಆಗಿದೆ, ನೋಡ್ಕೋ."

ಇದು ಏಳೂ ಐವತ್ತೊಂಬತ್ತರವರೆಗೆ. ಎಂಟಕ್ಕೆ ನಾನು ಟಿವಿ ಆರಿಸುತ್ತಿದ್ದೆ, ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಅರ್ಧಕ್ಕೆ ನಿಂತ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ, ಹೇಗಾದರೂ ಹೊರಗೆ ಬರಲೇಬೇಕು. ನಮ್ಮ ಕೂಟದಲ್ಲಿ ಸಾಲು ಪ್ರಾರ್ಥನೆ. ಚಾಪೆಯ ಒಂದು ಕಡೆಯಿಂದ ಶುರುವಾಗಿ ಒಬ್ಬೊಬ್ಬರೇ ಸ್ವಂತ ಮಾತಿನಲ್ಲಿ ಪ್ರಾರ್ಥಿಸಬೇಕು, ಮಿಕ್ಕವರು ಆಮೆನ್ ಅನ್ನಬೇಕು. ಒಂದು ಶನಿವಾರ ದೇವಸಹಾಯಂ ಸರದಿ ಬಂತು. ಕಾಯಿಲೆಯವರಿಗೆ, ಕೆಲಸ ಇಲ್ಲದವರಿಗೆ ಬೇಡಿಕೊಂಡರು. ಆಮೇಲೆ ಅದೇ ದನಿಯಲ್ಲಿ, "ಕರ್ತನೇ, ಕಣ್ಣಿದ್ದೂ ಕಾಣದ ಸಹೋದರರು ಈ ಊರಲ್ಲಿ ಇದ್ದಾರಪ್ಪಾ. ನೀನು ಕಾಲಕಾಲಕ್ಕೆ ಹೊಸ ಅಭಿಷಿಕ್ತನನ್ನ ಎಬ್ಬಿಸ್ತೀಯ ಅನ್ನೋದು ಅವರಿಗೆ ತೆರಿಯಲ್ಲ, ಹಳೇದನ್ನೇ ತಬ್ಬಿಕೊಂಡು ಅಳ್ತಾರೆ. ಅವರ ಕಣ್ಣಿನ ಪೊರೆ ತೆಗಿ ಸ್ವಾಮಿ" ಅಂದರು. ನಮ್ಮ ಯಜಮಾನರಿಗೆ ಪೊರೆ ತೆಗೆಸಿ ಎರಡೇ ತಿಂಗಳಾಗಿತ್ತು. ಎಲ್ಲರೂ ಆಮೆನ್ ಅಂದರು. ಅವರೂ ಅಂದರು, ಹರಳೆಣ್ಣೆ ಕುಡಿದವರ ಹಾಗೆ. ಮುಂದಿನ ಸರದಿ ಅವರದೇ. "ಪರಲೋಕದ ತಂದೆಯೇ, ಚಿನ್ನದ ಕರು ನೋಡಿ ಮರುಳಾಗೋ ಜನ ಮೋಶೆಯ ಕಾಲಕ್ಕೆ ಮುಗಿದುಹೋಗ್ಲಿಲ್ಲ. ಇವತ್ತಿಗೂ ಇದ್ದಾರೆ, ನಮ್ಮ ಪಕ್ಕದಲ್ಲೇ ಕೂತಿದ್ದಾರೆ. ಆ ಕರುವಿನ ಬಣ್ಣನೂ ಹಳದಿನೇ ಅನ್ನೋದನ್ನ ನಿನ್ನ ಮಗು ದೇವಸಹಾಯಂಗೆ ಜ್ಞಾಪಿಸು ತಂದೆ." ಆಮೆನ್!

ಅಲ್ಲಿಗೆ ಬೀಗ ಮುರಿದುಬಿತ್ತು. ಆಮೇಲೆ ಪ್ರತಿ ಶನಿವಾರ ಅದೇ. ಕೂಟದಲ್ಲಿ ಕೆಂಪು ಪಕ್ಷ, ಹಳದಿ ಪಕ್ಷ ಆದವು. ಯಾರು ಯಾವ ಕಡೆ ಅನ್ನುವುದು ಆಮೆನ್ನಿನ ಗಾತ್ರದಲ್ಲೇ ತಿಳಿಯುತ್ತಿತ್ತು. ಹಾರ್ಮೋನಿಯಂ ಬಾರಿಸುತ್ತಿದ್ದ ಮುದುಕರು ಎರಡೂ ಕಡೆಗೆ ಒಂದೇ ಅಳತೆಯ ಆಮೆನ್ ಹೇಳಿ ಇಬ್ಬರಿಂದಲೂ ಬೈಸಿಕೊಂಡರು. ಭಕ್ತಿ ಕಮ್ಮಿಯಾಯಿತೇ ಅಂತ ಕೇಳುತ್ತೀರಿ. ಕೇಳಿ, ನಾನು ಧೈರ್ಯವಾಗಿ ಹೇಳುತ್ತೇನೆ, ಜಾಸ್ತಿಯಾಯಿತು. ಮೊದಲು ಇವರು ಪ್ರಾರ್ಥಿಸುವಾಗ ಅರ್ಧ ಜನ ತೂಕಡಿಸುತ್ತಿದ್ದರು. ಈಗ ಒಬ್ಬೊಬ್ಬರೂ ಕಿವಿ ನಿಮಿರಿಸಿ ಕೂತಿರುತ್ತಿದ್ದರು. ಎದುರಾಳಿಯನ್ನು ಹೊಡೆಯಲು ಹೊಸ ದೃಷ್ಟಾಂತ ಬೇಕಲ್ಲ, ಅದಕ್ಕೆ ನಮ್ಮ ಯಜಮಾನರು ವಾರವೆಲ್ಲ ಕನ್ನಡಕ ಹಾಕಿಕೊಂಡು ಸತ್ಯವೇದ, ಅಂದರೆ ಬೈಬಲ್ಲು, ಓದಲು ಶುರು ಮಾಡಿದರು. ಮೂವತ್ತೈದು ವರ್ಷ ನಾನು ಹೇಳಿ ಹೇಳಿ ಸಾಕಾಗಿದ್ದ ಕೆಲಸ ಅದು.

ನನ್ನ ಪಕ್ಷ ಯಾವುದು ಅಂತ ಯಾರೂ ಕೇಳಲಿಲ್ಲ. ನಾನೇ ಹೇಳಿದೆ. ಅದೇ ಟಿವಿಯಲ್ಲಿ ಇನ್ನೊಂದು ತಂಡದಲ್ಲಿ ಒಬ್ಬ ಕುಳ್ಳ ಇದ್ದ. ಅವನಿಗೆ ನಾನಿಟ್ಟ ಹೆಸರು ಬಡಿಸುವವನು. ಚೆಂಡು ಅವನ ಕೈಗೆ ಬಂದರೆ ಒಂದು ಗಳಿಗೆ ನಿಲ್ಲುವುದಿಲ್ಲ. ಪಂಕ್ತಿಯಲ್ಲಿ ಯಾರ ಎಲೆ ಖಾಲಿಯಾಗಿದೆ ಅಂತ ಬಡಿಸುವವನು ನೋಡುತ್ತಾನಲ್ಲ, ಹಾಗೆ ನೋಡಿ, ಅಲ್ಲಿಗೆ ಸರಿಯಾಗಿ ಚೆಂಡು ಹಾಕಿ, ತಾನು ಹಿಂದೆ ಸರಿದು ನಿಲ್ಲುವನು. ಬುಟ್ಟಿಗೆ ಹಾಕಿದವನನ್ನು ಜನ ಹೊತ್ತು ಕುಣಿಯುತ್ತಿದ್ದರೆ ಇವನು ಮೂಲೆಯಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ. ನಾನೂ ಚಿಕ್ಕವಳಿದ್ದಾಗ ಮಿಷನ್ ಹಾಸ್ಟೆಲಿನಲ್ಲಿ ಲಂಗ ಎತ್ತಿ ಸಿಕ್ಕಿಸಿಕೊಂಡು ಆಡಿದವಳೇ. ಎತ್ತಿನ ಗಾಡಿಯ ಚಕ್ರದ ಕಬ್ಬಿಣದ ಪಟ್ಟಿಯನ್ನು ಕಮ್ಮಾರನ ಹತ್ತಿರ ಬಗ್ಗಿಸಿ ಮಾಡಿಸಿದ ಬಳೆ ನಮ್ಮ ಬುಟ್ಟಿ. ನಾನು ಕುಳ್ಳಿ, ಚೆಂಡು ಎತ್ತಿ ಎತ್ತಿ ಉದ್ದದ ಹುಡುಗಿಯರಿಗೆ ಕೊಡುವುದೇ ನನ್ನ ಕೆಲಸ. ಹಾಗಾಗಿ ನನಗೆ ಅವನ ಬೆಲೆ ಗೊತ್ತಿತ್ತು. ಒಂದು ಬೆಳಿಗ್ಗೆ ಕಾಫಿ ಲೋಟ ಇಡುತ್ತಾ, "ನಿಮ್ಮಿಬ್ಬರಿಗಿಂತ ದೊಡ್ಡವನು ಅವನು" ಅಂದೆ.

"ಯಾರು, ಆ ಕುಳ್ಳನಾ? ಅವನು ಬಾಲ್ ಹಾಕಿದ್ದೇ ನಾನು ನೋಡಿಲ್ಲ" ಅಂದರು ನಮ್ಮ ಯಜಮಾನರು.

"ಅದೇ ನಾನು ಹೇಳ್ತಿರೋದು."

"ಅಣ್ಣೀ, ಇದು ಬೇರೆ ಮ್ಯಾಟರ್. ನೀವು ಕಾಫಿಗೆ ಒಂದು ಚೂರು ಸಕ್ಕರೆ ಹಾಕಿ, ಪೋದುಂ, ಅಷ್ಟು ಸಾಕು" ಅಂದರು ದೇವಸಹಾಯಂ. ಇಬ್ಬರೂ ಒಂದಾದದ್ದು ಅದೊಂದೇ ಸಲ, ಅದೂ ನನ್ನನ್ನು ನೋಡಿ ನಗುವುದಕ್ಕೆ. ಅವತ್ತು ಇಬ್ಬರ ಕಾಫಿಗೂ ಸಕ್ಕರೆ ಹಾಕಲಿಲ್ಲ.

ಹೀಗೆ ಸುಖವಾಗಿ ನಡೆಯುತ್ತಿದ್ದಾಗ ಹಳದಿಯಣ್ಣನ ಎಡಗಾಲು ಉಳುಕಿತು. ಶನಿವಾರ ಬೆಳಿಗ್ಗೆ ಏಳೂಕಾಲಿಗೆ, ನಮ್ಮ ಕಣ್ಣ ಮುಂದೆಯೇ. ದೇವಸಹಾಯಂ ಕೈಯಲ್ಲಿದ್ದ ಲೋಟ ಕೆಳಗಿಟ್ಟರು, ಆಮೇಲೆ ಉಪ್ಪಿಟ್ಟೂ ಮುಟ್ಟಲಿಲ್ಲ. ಅವತ್ತೇ ನಮ್ಮ ಕೂಟಕ್ಕೆ ಮೊದಲ ಸಲ ಯೂನಿಸಮ್ಮ ಬಂದಿದ್ದರು. ಬೆಸೆಂಟ್ ನಗರದವರು, ನಮ್ಮ ಚರ್ಚಿನ ಸಭೆಯ ಸ್ತ್ರೀಯರ ಸಂಘದ ಕಾರ್ಯದರ್ಶಿ, ಕೈಯಲ್ಲಿ ಸದಾ ಒಂದು ಡೈರಿ. ಅವರು ಬಂದದ್ದು ಎಂಟು ಗಂಟೆಗೆ ಸರಿಯಾಗಿ, ಅಂದರೆ ಟಿವಿಗೆ ಬಟ್ಟೆ ಹೊದಿಸಿದ ಮೇಲೆ. ಸಾಲು ಪ್ರಾರ್ಥನೆಯಲ್ಲಿ ದೇವಸಹಾಯಂ ಗದ್ಗದವಾಗಿ, ಹಳದಿಯಣ್ಣನ ಅಪ್ಪ ಅಮ್ಮ ಇಟ್ಟ ಪೂರ್ತಿ ಹೆಸರು ಹಿಡಿದು, "ಈ ನಿನ್ನ ದಾಸನ ಎಡಗಾಲನ್ನ ಮುಟ್ಟು ಸ್ವಾಮಿ, ಅವನನ್ನೇ ನಂಬಿಕೊಂಡು ಎಷ್ಟು ಜನ ಇದ್ದಾರೆ ನಿನಗೇ ಗೊತ್ತು" ಅಂತ ಬೇಡಿಕೊಂಡರು. ನಮ್ಮ ಯಜಮಾನರು ನುಂಗಲಾರದೆ ಆಮೆನ್ ಅಂದು, ತಮ್ಮ ಸರದಿ ಬಂದಾಗ, "ನಿನ್ನ ಚಿತ್ತದ ಪ್ರಕಾರ ಗುಣ ಆಗಲಿ ತಂದೆ, ಅವಸರ ಏನಿಲ್ಲ" ಅಂತ ಸೇರಿಸಿದರು. ಯೂನಿಸಮ್ಮ ಕಣ್ಣು ಒರೆಸಿಕೊಂಡು ಡೈರಿಯಲ್ಲಿ ಹೆಸರು ಬರೆದುಕೊಂಡದ್ದನ್ನು ನಾನು ಅರೆಗಣ್ಣಿನಲ್ಲಿ ನೋಡಿದೆ. ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಏನಾಗುತ್ತದೋ ನೋಡೋಣ ಅಂತ ಸುಮ್ಮನಿದ್ದೆ, ಅದು ನನ್ನ ಹುಟ್ಟುಗುಣ.

ಮಾರನೆಯ ದಿನ ಭಾನುವಾರ ಆರಾಧನೆಯಲ್ಲಿ ಯೂನಿಸಮ್ಮ ಬರೆದುಕೊಟ್ಟ ಕಾಯಿಲೆಯವರ ಪಟ್ಟಿ ಓದಿದರು. ಸಕ್ಕರೆ ಕಾಯಿಲೆಯ ಒಬ್ಬರು, ಹೆರಿಗೆಗೆ ಹೋದ ಒಬ್ಬಳು, ಆಮೇಲೆ ನಮ್ಮ ಹಳದಿಯಣ್ಣ. ಯಾರಿಗೂ ಒಂದಿಷ್ಟೂ ಅನುಮಾನ ಬರಲಿಲ್ಲ. ಯಾಕೆಂದರೆ ಅಂಥ ಇಂಗ್ಲಿಷ್ ಹೆಸರು ಇಲ್ಲಿ ಕ್ರೈಸ್ತರಲ್ಲಿ ಬೀದಿಗೊಬ್ಬರಿಗಿದೆ. ನಮ್ಮ ಸಭೆಯಲ್ಲೇ ಮೂವರಿದ್ದರು, ಒಬ್ಬರು ಅಂಚೆ ಇಲಾಖೆಯಲ್ಲಿ. ಇಡೀ ಸಭೆ ಎದ್ದು ನಿಂತು ಅಮೆರಿಕದ ಆ ಆರೂವರೆ ಅಡಿ ಆಳಿನ ಕಾಲಿನ ಹರಡಿಗೋಸ್ಕರ ತಮಿಳಿನಲ್ಲಿ ಬೇಡಿಕೊಂಡಿತು. ನಮ್ಮ ಯಜಮಾನರ ಹೆಗಲು ಕುಣಿಯುತ್ತಿತ್ತು. ದೇವಸಹಾಯಂ ಹೇಳಿದ ಆಮೆನ್ ಗಂಟೆ ಗೋಪುರಕ್ಕೆ ಕೇಳಿಸಿರಬೇಕು.

ಮಂಗಳವಾರ ಸಾಯಂಕಾಲ ಬಾಗಿಲು ಬಡಿದ ಸದ್ದಾಯಿತು. ನೋಡಿದರೆ ನಮ್ಮ ಅಯ್ಯನವರು, ಅಂದರೆ ಸಭಾಪಾಲಕರು. ಕೋಲಾರದ ಕಡೆಯವರು, ಹೊಸಬರು, ವಯಸ್ಸು ಮೂವತ್ತು ದಾಟಿರಲಿಲ್ಲ. ಒಂದು ಕೈಯಲ್ಲಿ ಬ್ರೆಡ್ಡು, ಇನ್ನೊಂದು ಕೈಯಲ್ಲಿ ಮೂಸಂಬಿ ಚೀಲ. ಒಳಗೆ ದೇವಸಹಾಯಂ ಕೂಡ ಕೂತಿದ್ದರು.

"ಸ್ತೋತ್ರ ಅಮ್ಮ. ಪೇಷೆಂಟ್ ಯಾವ ರೂಮಲ್ಲಿದ್ದಾರೆ?"

"ಯಾವ ಪೇಷೆಂಟ್ ಅಯ್ಯನವರೇ?"

ಅವರು ಹೆಸರು ಹೇಳಿದರು. ನಮ್ಮ ಯಜಮಾನರು ದೇವಸಹಾಯಂ ಕಡೆ ನೋಡಿದರು. ದೇವಸಹಾಯಂ ಫ್ಯಾನಿನ ಕಡೆ ನೋಡಿದರು. ಗಂಡಸರ ಧೈರ್ಯ ಇಷ್ಟೇ ಅಂತ ಗೊತ್ತಿದ್ದರಿಂದ ನಾನೇ ಬಾಯಿ ಬಿಟ್ಟೆ.

"ಅವನು ಇಲ್ಲಿರಲ್ಲ ಅಯ್ಯನವರೇ. ಅಮೆರಿಕದಲ್ಲಿರ್ತಾನೆ."

"ಓ, ಫಾರಿನ್ನಾ? ಪಾಪ. ಒಬ್ಬರೇನಾ? ಆರೈಕೆಗೆ ಯಾರಿದ್ದಾರೆ?"

"ನಾಲ್ಕು ಜನ ಡಾಕ್ಟರು, ಕಾಲು ಒತ್ತೋಕೆ ಇಬ್ಬರು."

"ಅಷ್ಟು ಜನಾನಾ! ನಿಮಗೆ ಏನಾಗಬೇಕಮ್ಮ ಅವರು?"

"ನಮಗೇನೂ ಆಗಬೇಕಿಲ್ಲ. ಟಿವೀಲಿ ಬರ್ತಾನೆ."

ಅಯ್ಯನವರು ಕ್ರೋಶಾ ಬಟ್ಟೆ ಹೊದ್ದ ಟಿವಿಯ ಕಡೆ ತಿರುಗಿದರು. ಆಮೇಲೆ ಕೆಂಪಣ್ಣ, ಹಳದಿಯಣ್ಣ, ಸಾಲು ಪ್ರಾರ್ಥನೆ, ಎಲ್ಲ ಹೊರಗೆ ಬಂತು. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. "ನಾನು ಪೀಠದ ಮೇಲೆ ನಿಂತು ಪ್ರಾರ್ಥಿಸಿಬಿಟ್ಟೆನಲ್ಲಮ್ಮಾ" ಅಂದರು, ಅಷ್ಟೇ. ಹೋಗುವಾಗ ಬ್ರೆಡ್ಡು ಬಿಟ್ಟರು, ಮೂಸಂಬಿ ವಾಪಸು ತೆಗೆದುಕೊಂಡು ಹೋದರು.

ಸುದ್ದಿ ಯೂನಿಸಮ್ಮನಿಗೆ ತಲುಪಿತು. ಡೈರಿಯ ಮಾನ ಹೋಗಿತ್ತು, ಅವರು ಸುಮ್ಮನಿರುತ್ತಾರೆಯೇ? ಗುರುವಾರ ನನಗೆ ಫೋನು. "ಸುಗುಣಕ್ಕ, ತಪ್ಪು ತಿಳ್ಕೋಬೇಡಿ. ಈ ಕೂಟಾನ ಇನ್ಮೇಲೆ ನಮ್ಮ ಮನೇಲಿ ಇಟ್ಕೊಳ್ಳೋಣ ಅಂತ ಅಯ್ಯನವರ ಹತ್ರ ಹೇಳಿದೀನಿ. ನಮ್ಮ ಹಾಲ್ ದೊಡ್ಡದು, ಸಮುದ್ರದ ಗಾಳಿ ಬರುತ್ತೆ, ಟಿವಿ ಬೆಡ್‌ರೂಮಲ್ಲಿದೆ. ಮತ್ತೆ ಕನ್ನಡ ಈಗಿನ ಮಕ್ಕಳಿಗೆ ಎಲ್ಲಿ ಅರ್ಥ ಆಗುತ್ತೆ? ಇಂಗ್ಲಿಷ್ ಮಾಡಿಬಿಡೋಣ. ಶನಿವಾರ ಅಯ್ಯನವರೇ ಬಂದು ತೀರ್ಮಾನ ಹೇಳ್ತಾರೆ."

ಫೋನು ಇಟ್ಟವಳು ಅಲ್ಲೇ ಕೂತುಬಿಟ್ಟೆ. ನುಂಗಂಬಾಕ್ಕಂನಿಂದ ಬೆಸೆಂಟ್ ನಗರಕ್ಕೆ ಎರಡು ಬಸ್ಸು. ಹಾರ್ಮೋನಿಯಂ ಮುದುಕರು ನಮ್ಮ ಮೆಟ್ಟಿಲು ಹತ್ತುವುದಕ್ಕೇ ಮೂರು ಕಡೆ ನಿಲ್ಲುವವರು. ಅದೂ ಹೋಗಲಿ, ಹೇಗೋ ಆಟೋದಲ್ಲಿ ಹೋದೆವು ಅಂದುಕೊಳ್ಳಿ. ಹೋಗಿ, ಸೋಫಾದ ಮೇಲೆ ಕಾಲು ಇಳಿಬಿಟ್ಟು ಕೂತು, ಇಂಗ್ಲಿಷಿನಲ್ಲಿ ನಾನು ದೇವರ ಹತ್ತಿರ ಏನು ಹೇಳಲಿ? ಥ್ಯಾಂಕ್ಯೂ ಅನ್ನಬಹುದು. ಸಾರಿ ಅನ್ನಬಹುದು. ಆಮೇಲೆ? ನನ್ನ ಅಮ್ಮ ತೀರಿಕೊಂಡ ವರ್ಷ ನಾನು ಆ ಚಾಪೆಯ ಮೇಲೆ ಏನೇನು ಅಂದಿದ್ದೆ, ಅದನ್ನೆಲ್ಲ ಆತ ಕನ್ನಡದಲ್ಲೇ ಕೇಳಿಸಿಕೊಂಡಿದ್ದ. ಸಂಜೆ ಇಬ್ಬರು ವೀರರಿಗೂ ವಿಷಯ ಹೇಳಿದೆ. ಸಿಂಹಗಳೆರಡೂ ಬೆಕ್ಕಿನ ಮರಿಗಳಾದವು. "ಕ್ಷಮೆ ಕೇಳಿಬಿಡೋಣ, ಟಿವಿ ಒಳಗಿನ ರೂಮಿಗೆ ತಳ್ಳಿಬಿಡೋಣ" ಅಂದರು ಯಜಮಾನರು. "ನಾನು ಹಳದಿಯಣ್ಣನನ್ನೇ ವಿಟ್ಟುಬಿಡ್ತೀನಿ ಅಣ್ಣೀ" ಅಂದರು ದೇವಸಹಾಯಂ, ಕಣ್ಣಲ್ಲಿ ನೀರು. ನಾನು ಹೇಳಿದೆ: "ಟಿವಿ ಇದ್ದಲ್ಲೇ ಇರುತ್ತೆ. ಶನಿವಾರ ಆರೂವರೆಗೆ ಬನ್ನಿ, ಎಂದಿನ ಹಾಗೆ."

ಶನಿವಾರ ಎಂಟು ಗಂಟೆಯವರೆಗೆ ಟಿವಿ ಹಾಕಿಯೇ ಇಟ್ಟೆ. ಇಬ್ಬರೂ ಬಂದು ನೆಲ ನೋಡಿಕೊಂಡು ಕೂತಿದ್ದರು. ನಾನೊಬ್ಬಳೇ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತು ಅಷ್ಟು ಹೊತ್ತೂ ಆಟ ನೋಡಿದೆ. ಎಂಟಕ್ಕೆ ಆರಿಸಿದೆ, ಬಟ್ಟೆ ಹೊದಿಸಿದೆ, ಅಯ್ಯನವರು ಬಂದರು. ಸಾಲು ಪ್ರಾರ್ಥನೆ ಮೊದಲು ಮುಗಿಯಲಿ, ಕೊನೆಗೆ ನಾನು ಪ್ರಾರ್ಥಿಸಿ ತೀರ್ಮಾನ ಹೇಳುತ್ತೇನೆ ಅಂದರು. ಯೂನಿಸಮ್ಮನಿಂದ ಶುರು. ಅವರು ಲೋಕದ ಆಟಪಾಟಗಳಿಗೆ ಮಾರುಹೋದ ಕುಟುಂಬಗಳಿಗೋಸ್ಕರ ಬೇಡಿಕೊಂಡರು, ನಮ್ಮ ಮನೆಯ ಡೋರ್ ನಂಬರ್ ಒಂದು ಬಿಟ್ಟು ಮಿಕ್ಕದ್ದೆಲ್ಲ ಹೇಳಿದರು. ನಮ್ಮ ಯಜಮಾನರು ಕ್ಷಮೆ ಕೇಳಿದರು. ದೇವಸಹಾಯಂ ಕ್ಷಮೆ ಕೇಳಿ ಮೂಗು ಸೀಟಿಕೊಂಡರು. ಆಮೇಲಿನ ಸರದಿ ನನ್ನದು. ನನ್ನ ಎಡಗಡೆ ಮರ್ಸಿ, ಅವಳಾಚೆ ಮಿಕ್ಕವರು, ಕೊನೆಗೆ ಅಯ್ಯನವರು.

ಕಣ್ಣು ಮುಚ್ಚಿದೆ, ಶುರು ಮಾಡಿದೆ. "ಸ್ವಾಮಿ, ಇವರಿಬ್ಬರು ಕ್ಷಮೆ ಕೇಳಿದ್ದಾರೆ, ಅದು ಅವರ ಇಷ್ಟ. ನಾನು ಕೇಳಲ್ಲ. ನಿನ್ನ ಸ್ವಂತ ಶಿಷ್ಯರೇ ನಡುದಾರೀಲಿ ನಮ್ಮಲ್ಲಿ ದೊಡ್ಡವನು ಯಾರು ಅಂತ ಕಿತ್ತಾಡಿದ್ರು. ನೀನು ಅವರನ್ನ ಬೆಸೆಂಟ್ ನಗರಕ್ಕೆ ಕಳಿಸಿದ್ಯಾ? ಇಲ್ಲ. ಕೂರಿಸ್ಕೊಂಡು ಬುದ್ಧಿ ಹೇಳ್ದೆ. ಹೋದ ಭಾನುವಾರ ಇನ್ನೂರು ಜನ ಗುರುತಿಲ್ಲದ ಒಬ್ಬನ ಕಾಲಿಗೋಸ್ಕರ ಬೇಡ್ಕೊಂಡ್ರು. ಅದರಲ್ಲಿ ಏನ್ ತಪ್ಪು? ನೋವು ನೋವೇ, ಅವನ ಕಾಲೂ ನೀನು ಮಾಡಿದ ಕಾಲೇ. ಆ ಪಟ್ಟೀಲಿ ಇರೋ ಮಿಕ್ಕವರನ್ನಾದ್ರೂ ನಾವು ಹೋಗಿ ನೋಡಿದ್ದೀವಾ? ಅಯ್ಯನವರೊಬ್ಬರೇ ಮೂಸಂಬಿ ತಗೊಂಡು ಹೊರಟಿದ್ದು. ಅವರನ್ನ ಆಶೀರ್ವದಿಸು, ಮುಂದಿನ ಸಲ ಮೂಸಂಬಿ ಬಿಟ್ಟು ಹೋಗೋ ಮನಸ್ಸು ಕೊಡು." ಯಾರೋ ಕಿಸಕ್ಕೆಂದರು. ನಾನು ನಿಲ್ಲಿಸಲಿಲ್ಲ. ಕನ್ನಡದ ವಿಷಯ ಹೇಳಿದೆ. ಕೋಯಂಬೇಡು ಹೇಳಿದೆ. ಹಾರ್ಮೋನಿಯಂ ಮುದುಕರು ಮೆಟ್ಟಿಲಲ್ಲಿ ಮೂರು ಕಡೆ ನಿಲ್ಲುವುದನ್ನು ಹೇಳಿದೆ. ಅಮ್ಮನ ವಿಷಯ ಹೇಳಿದೆ. ಯೂನಿಸಮ್ಮನ ಸೋಫಾದ ಪ್ಲಾಸ್ಟಿಕ್ ಕವರನ್ನು ಆತ ಎಂದಾದರೂ ತೆಗೆಸಲಿ ಅಂತ ಬೇಡಿಕೊಂಡೆ. ಕೊನೆಗೆ, ಸಿಕ್ಕಿದ ಅವಕಾಶ ಬಿಡುವುದೇಕೆ, ಬಡಿಸುವವನ ವಿಷಯಕ್ಕೂ ಬಂದೆ. "ಇವರು ಕೆಂಪಣ್ಣ ಅಂತಾರೆ, ಅವರು ಹಳದಿಯಣ್ಣ ಅಂತಾರೆ. ಚೆಂಡನ್ನ ಕೈಯಲ್ಲಿ ಇಟ್ಕೊಳ್ಳೋನು ದೊಡ್ಡವನಲ್ಲ, ಬೇರೆಯವರಿಗೆ ಬಡಿಸೋನೇ ದೊಡ್ಡವನು ಅಂತ ಈ ಮನೇಲಿ ಗೊತ್ತಿರೋದು ನನಗೆ ಮತ್ತೆ ನಿನಗೆ. ನೀನೇ ಸೊಂಟಕ್ಕೆ ಟವೆಲ್ ಕಟ್ಟಿ ಕಾಲು ತೊಳೆದವನು. ಅದಕ್ಕೇ ಸ್ವಾಮಿ, ಈ ಕೂಟ ಈ ಮನೇಲೇ, ಈ ಚಾಪೆ ಮೇಲೇ, ಕನ್ನಡದಲ್ಲೇ ನಡೀಲಿ. ಒಪ್ಪಿದೋರೆಲ್ಲ ಜೋರಾಗಿ ಹೇಳ್ಲಿ."

ಈಗ ನೀವೇ ಯೋಚನೆ ಮಾಡಿ. ಪ್ರಾರ್ಥನೆ ಮುಗಿದಿದೆ. ಆಮೆನ್ ಅನ್ನದೆ ಇರುವ ಕ್ರೈಸ್ತ ಯಾರು? ಕೆಂಪು ಪಕ್ಷ ಅಂದಿತು, ಹಳದಿ ಪಕ್ಷ ಅಂದಿತು, ಹಾರ್ಮೋನಿಯಂ ಮುದುಕರು ಜೀವನದಲ್ಲಿ ಮೊದಲ ಸಲ ಅಳತೆ ಮೀರಿ ಅಂದರು. ಯೂನಿಸಮ್ಮ ಹಲ್ಲಿನ ಸಂದಿಯಲ್ಲಿ ಅಂದರು. ಅಯ್ಯನವರ ಬಾಯಿಂದ ಅಭ್ಯಾಸಬಲದಿಂದ ಎಲ್ಲರಿಗಿಂತ ಮೊದಲೇ ಬಂದುಬಿಟ್ಟಿತ್ತು. ಅವರು ಕಣ್ಣು ಬಿಟ್ಟು, ಕೈಗಡಿಯಾರ ನೋಡಿಕೊಂಡು, ನಿಟ್ಟುಸಿರಿಟ್ಟು, "ದೇವರ ಮುಂದೆ ಆಮೆನ್ ಅಂದಾಯ್ತು. ಇನ್ನು ನಾನು ತೀರ್ಮಾನ ಹೇಳೋದು ಏನಿದೆ?" ಅಂದರು. ಒಂದೇ ಒಂದು ಷರತ್ತು ಹಾಕಿದರು: ಆಟಗಾರರ ನಿಜವಾದ ಹೆಸರನ್ನು ಇನ್ನು ಮೇಲೆ ಯಾರೂ ಎತ್ತಬಾರದು, ಪಟ್ಟಿಗೆ ಹೋಗಿಬಿಡುತ್ತದೆ. ಸುಗುಣಮ್ಮ ಕೊಟ್ಟ ಬಣ್ಣದ ಹೆಸರುಗಳೇ ಸಾಕು. ಅವರ ಮಾತಿಗೆ ಬೆಲೆ ಕೊಟ್ಟು ನಾನು ಇವತ್ತಿಗೂ ಆ ಹೆಸರು ಬರೆಯುವುದಿಲ್ಲ. ಅದರ ಮುಂದಿನ ಪ್ರಾರ್ಥನೆಗಳಿಗೆ ಸಮಯವಿರಲಿಲ್ಲ, ಅಯ್ಯನವರಿಗೆ ಇನ್ನೊಂದು ಕಡೆ ಮದುವೆ ಇತ್ತು. ಎಲ್ಲರೂ ಉಪ್ಪಿಟ್ಟಿಗೆ ಎದ್ದರು.

ನಾನು ಅಡುಗೆಮನೆಗೆ ಹೋದದ್ದು ನಡೆದುಕೊಂಡಲ್ಲ, ತೇಲಿಕೊಂಡು. ಕೂಟ ಉಳಿದಿತ್ತು, ಕನ್ನಡ ಉಳಿದಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಬಡಿಸುವವನು ಗೆದ್ದಿದ್ದ. ಮೂವತ್ತೈದು ವರ್ಷಕ್ಕೆ ಮೊದಲ ಸಲ ಆ ಮನೆಯಲ್ಲಿ ನನ್ನ ಮಾತಿಗೆ ಹನ್ನೆರಡು ಜನ ಒಟ್ಟಿಗೆ ಆಮೆನ್ ಅಂದಿದ್ದರು. ಮರ್ಸಿ ತಟ್ಟೆ ಜೋಡಿಸುತ್ತಿದ್ದಳು, ಆಗ ಅವಳಿಗೆ ಹದಿನಾಲ್ಕು, ಶಾಲೆಯ ತಂಡಕ್ಕೆ ಸೋಮವಾರ ಆಯ್ಕೆ ಇತ್ತು. ಬಾಣಲೆಯಿಂದ ಉಪ್ಪಿಟ್ಟು ತೆಗೆಯುತ್ತಾ, ಹೊಗಳಿಕೆ ಕೇಳುವ ಆಸೆಯಿಂದ, "ಹೇಗಿತ್ತೇ ನನ್ನ ಪ್ರಾರ್ಥನೆ?" ಅಂದೆ.

ಅವಳು ತಲೆ ಎತ್ತದೆ, ಎಂದಿಲ್ಲದ ಹಾಗೆ ಕನ್ನಡದಲ್ಲೇ ಹೇಳಿದಳು: "ಇಪ್ಪತ್ತೆರಡು ನಿಮಿಷ ಬಾಲ್ ನಿನ್ ಕೈಲೇ ಇತ್ತು ಅಜ್ಜಿ. ಪಕ್ಕದಲ್ಲಿ ನಾವು ಅಷ್ಟು ಜನ ಕಾಯ್ತಾ ಕೂತಿದ್ವಿ. ಒಬ್ರಿಗಾದ್ರೂ ಪಾಸ್ ಕೊಟ್ಯಾ?"